ಕೊಂಡ ದೀಪವೂ ಕಟ್ಟಿದ ದೀಪವೂ



ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಬರೆಯತಕ್ಕ ಲೇಖನವು ಪರೀಕ್ಷೆಯ ಫಲಿತಾಂಶ, ಕಟ್ಟಡದ ಕೊರತೆ, ದಾನಿಗಳ ಉಪಕಾರ ಇವುಗಳನ್ನು ಕುರಿತದ್ದಾಗಿರುವುದು ವಾಡಿಕೆ. ಅವೆಲ್ಲವೂ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಉಂಟು. ನಾನಾದರೋ ಈ ಸಲ ಜೋಳದ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲದ ಒಂದು ದೀಪವನ್ನು ಕುರಿತು ಬರೆಯಲು ಅಪೇಕ್ಷಿಸುತ್ತೇನೆ. ಎಲ್.ಇ.ಡಿ. ಎಂದು ಎಲ್ಲರೂ ಕರೆಯುವ ದೀಪವದು. ಅದನ್ನು ಥಟ್ಟನೆ ಹತ್ತಿ ಥಟ್ಟನೆ ಆರುವಂತೆಯೂ, ಮೆಲ್ಲನೆ ಬೆಳಗಿ ಮೆಲ್ಲನೆ ಮಾಸುವಂತೆಯೂ ಜೋಡಿಸಬಹುದು. ನಮ್ಮ ಶಾಲೆಯ ಪ್ರತಿಯೊಬ್ಬ ಹುಡುಗಿಯೂ ಹತ್ತನೆಯ ತರಗತಿಯನ್ನು ಬಿಡುವುದರೊಳಗೆ ಇಂಥ ಒಂದು ದೀಪವನ್ನು ತನ್ನ ಕೈಯಿಂದಲೇ ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೆಡಿಸಿ ಎಂಬ ಮಾತನ್ನು ನಾನು ಬಾಯಿತಪ್ಪಿ ಆಡಿದ್ದಲ್ಲವೆಂಬುದನ್ನು ತಾವು ಮುಂದೆ ಕಾಣುವಿರಿ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮಲ್ಲಿ ವಿಜ್ಞಾನ ಪ್ರದರ್ಶನ ನಡೆದಾಗ ತೀರ್ಪುಗಾರರಲ್ಲಿ ನಾನೂ ಒಬ್ಬಳಾಗಿದ್ದೆ. ಒಂದು ಮೇಜಿನ ಮೇಲೆ ಒಂದು ಪಟ್ಟಣದ ಮಾದರಿ ಇತ್ತು. ಅದರ ಬೀದಿಗಳಲ್ಲಿ ಸಾಲುದೀಪಗಳು ಬಣ್ಣಬಣ್ಣವಾಗಿ ಮಿನುಗುತ್ತಿದ್ದವು. ಪಕ್ಕದಲ್ಲಿ ನಿಂತ ಹುಡುಗಿಯು ವಿವರಣೆಯನ್ನು ಒಂದಕ್ಷರವೂ ತಪ್ಪದೆ ಒಪ್ಪಿಸಿದಳು. ಅದರ ಮಗ್ಗುಲ ಮೇಜಿನಲ್ಲಿ ಜಗಳೂರು ಕಡೆಯಿಂದ ಬಂದು ನಮ್ಮ ವಸತಿಗೃಹದಲ್ಲಿದ್ದ ಹುಡುಗಿಯೊಬ್ಬಳು ರಂಧ್ರಗಳ ಬಿಳಿಯ ಹಲಗೆಯೊಂದನ್ನೂ, ಅದರಲ್ಲಿ ಸಿಕ್ಕುಸಿಕ್ಕಾಗಿ ಚುಚ್ಚಿದ ತಂತಿಗಳನ್ನೂ, ಎರಡು ಕೆಂಪು ದೀಪಗಳನ್ನೂ ಇಟ್ಟುಕೊಂಡು ನಿಂತಿದ್ದಳು. ಒಂದು ದೀಪವು ಸರಿಯಾಗಿ ಮಿನುಗುತ್ತಿತ್ತು. ಮೆಲ್ಲನೆ ಮಾಸಬೇಕಾದ ಇನ್ನೊಂದು ಮಾಸುತ್ತಿದ್ದರೂ ಪೂರ್ತಿಯಾಗಿ ಆರುತ್ತಿರಲಿಲ್ಲ. "ಬ್ಯಾಟರಿ ಹಳೆಯದಾಗಿರಬೇಕಮ್ಮಾ" ಎಂದು ಹೇಳಿ ನಾನು ಮುಂದೆ ನಡೆದೆ. ಮೊದಲ ಬಹುಮಾನವು ಪಟ್ಟಣಕ್ಕೆ ಸಂದಿತು. ಸಂಜೆ ಸಾಮಾನು ಕಟ್ಟುವಾಗ ಆ ಪಟ್ಟಣದ ಹುಡುಗಿಯನ್ನು, "ಇದರ ತಂತಿಗಳನ್ನು ಯಾರು ಜೋಡಿಸಿದರು?" ಎಂದು ಕೇಳಿದೆ. "ಅಪ್ಪಾಜಿ ಅಂಗಡಿಯಿಂದ ತಂದರು, ಮಿಸ್" ಎಂದಳು. ಆಕೆಯಲ್ಲಿ ಕಪಟವಿರಲಿಲ್ಲ, ತರಬಾರದೆಂದು ನಾವು ಯಾರೂ ಹೇಳಿರಲಿಲ್ಲ. ಕೊಂಡ ದೀಪಕ್ಕೆ ಬಹುಮಾನವನ್ನೂ ಕಟ್ಟಿದ ದೀಪಕ್ಕೆ ಉಪದೇಶವನ್ನೂ ಕೊಟ್ಟವಳು ನಾನು. ಆ ಉಪದೇಶವೂ ತಪ್ಪಾಗಿತ್ತೆಂಬುದು ಆಮೇಲೆ ತಿಳಿಯಿತು.

ನಮ್ಮ ಹುಡುಗಿಯರು ಬರುವ ಊರುಗಳಲ್ಲಿ ಈ ದೀಪವು ಹೊಸದೇನೂ ಅಲ್ಲ. ಚನ್ನಗಿರಿಯ ಅಡಿಕೆ ತೋಟದ ಮನೆಗಳ ಮದುವೆ ಚಪ್ಪರದಲ್ಲಿ, ಹೊನ್ನಾಳಿಯ ಜಾತ್ರೆಯ ಅಂಗಡಿಸಾಲಿನಲ್ಲಿ, 2018ರಲ್ಲಿ ಹೊನ್ನಾಳಿಯಿಂದ ಬೇರೆಯಾಗಿ ಸ್ವಂತ ತಾಲೂಕಾದ ನ್ಯಾಮತಿಯ ಪೇಟೆಯಲ್ಲಿ, ಡಿಸೆಂಬರ್ ತಿಂಗಳಲ್ಲಿ ಬಾಗಿಲಿಗೆ ತೂಗುಹಾಕುವ ಕಾಗದದ ನಕ್ಷತ್ರದೊಳಗೆ ಅದು ಮಿನುಗುತ್ತಿರುತ್ತದೆ. ಜಗಳೂರಿನ ಒಣಬಯಲಿನಲ್ಲಿ ಕೊಳವೆಬಾವಿಯ ಸ್ಟಾರ್ಟರ್ ಪೆಟ್ಟಿಗೆಯ ಮೇಲಿನ ಕೆಂಪು, ಹಳದಿ, ನೀಲಿ ದೀಪಗಳು ಮೂರು ಫೇಸೂ ಬಂದವೆಂದು ರಾತ್ರಿಯಲ್ಲಿ ರೈತನಿಗೆ ತಿಳಿಸುತ್ತವೆ. ಹೀಗೆ ಎಲ್ಲೆಲ್ಲಿಯೂ ನೋಡುತ್ತೇವೆ. ಆದರೆ ಸೀರಿಯಲ್ ಸೆಟ್ಟನ್ನು ತಂದು ಸಿಕ್ಕಿಸುತ್ತೇವೆ, ಕೆಟ್ಟರೆ ಎಸೆಯುತ್ತೇವೆ. ಅದು ಏಕೆ ಮಿನುಗುತ್ತದೆಂದು ಮನೆಯ ಮಗಳು ಕೇಳಿದರೆ ಉತ್ತರ ಕೊಡುವವರು ಇಲ್ಲ.

ಉತ್ತರವು ಕಷ್ಟವಾದದ್ದಲ್ಲ. ಕೆಪಾಸಿಟರೆಂಬ ಸಣ್ಣ ಡಬ್ಬಿಯನ್ನು ಒಂದು ಕೆರೆಯೆಂದು ತಿಳಿಯಿರಿ. ಜನರು ಸೂಳೆಕೆರೆಯೆಂದು ಕರೆಯುವ ಚನ್ನಗಿರಿ ತಾಲೂಕಿನ ಶಾಂತಿಸಾಗರವನ್ನು ಕಂಡವರಿಗೆ ಈ ಉಪಮೆಯು ಬೇಗ ಹತ್ತುತ್ತದೆ. ಬ್ಯಾಟರಿಯಿಂದ ಬರುವ ವಿದ್ಯುತ್ತು ರೆಸಿಸ್ಟರೆಂಬ ಕಿರಿದಾದ ಕಾಲುವೆಯ ಮೂಲಕ ಈ ಕೆರೆಗೆ ಹರಿಯುತ್ತದೆ. ಕಾಲುವೆಯು ಕಿರಿದಾದಷ್ಟೂ, ಕೆರೆಯು ದೊಡ್ಡದಾದಷ್ಟೂ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕು. 555 ಎಂಬ ಎಂಟು ಕಾಲಿನ ಚಿಪ್ಪು ಈ ಕೆರೆಯ ನೀರಗಂಟಿ. ಅದರೊಳಗಿನ ಮೂರು ಸಮನಾದ ರೆಸಿಸ್ಟರುಗಳು ಬ್ಯಾಟರಿಯ ವೋಲ್ಟನ್ನು ಮೂರು ಪಾಲು ಮಾಡಿಟ್ಟಿವೆ. ಕೆರೆಯ ಮಟ್ಟವು ಎರಡು ಪಾಲಿಗೆ ಏರಿದೊಡನೆ ನೀರಗಂಟಿಯು ತೂಬನ್ನು ತೆರೆಯುತ್ತಾನೆ. ಒಂದು ಪಾಲಿಗೆ ಇಳಿದೊಡನೆ ಮುಚ್ಚುತ್ತಾನೆ. ಹೀಗಾಗಿ 9 ವೋಲ್ಟಿನ ಬ್ಯಾಟರಿಯಿದ್ದರೆ ಕೆರೆಯು 3 ವೋಲ್ಟಿನಿಂದ 6ಕ್ಕೆ ಏರುತ್ತಲೂ 6ರಿಂದ 3ಕ್ಕೆ ಇಳಿಯುತ್ತಲೂ ಇರುತ್ತದೆ.

ಚಿಪ್ಪಿನ 3ನೆಯ ಕಾಲು ತೂಬಿನ ಸುದ್ದಿಯನ್ನು ಮಾತ್ರ ಹೇಳುತ್ತದೆ. ಮುಚ್ಚಿದ್ದರೆ ದೀಪ ಹತ್ತುತ್ತದೆ, ತೆರೆದಿದ್ದರೆ ಆರುತ್ತದೆ. ನಡುವೆ ಬೇರೆ ಸ್ಥಿತಿ ಇಲ್ಲ. ಇದೇ ಮಿನುಗುವ ದೀಪ. ತೂಬಿನ ಸುದ್ದಿಯನ್ನು ಬಿಟ್ಟು ಕೆರೆಯ ಮಟ್ಟವನ್ನೇ ದೀಪಕ್ಕೆ ತೋರಿಸಿದೆವಾದರೆ ಅದು ಮೆಲ್ಲನೆ ಏರಿ ಮೆಲ್ಲನೆ ಮಾಸುತ್ತದೆ. ಆದರೆ ದೀಪವನ್ನು ನೇರವಾಗಿ ಕೆರೆಗೆ ಕಟ್ಟಿದರೆ ಅದು ನೀರನ್ನೆಲ್ಲ ಕುಡಿದುಬಿಡುವುದು. ಆದಕಾರಣ ನಡುವೆ ಬಿ.ಸಿ. 547 ಎಂಬ ಟ್ರಾನ್ಸಿಸ್ಟರನ್ನು ಇಡಬೇಕು. ಅದು ಕೆರೆಯಿಂದ ಒಂದು ಗುಟುಕನ್ನು ಮಾತ್ರ ತೆಗೆದುಕೊಂಡು, ದೀಪಕ್ಕೆ ಬೇಕಾದುದನ್ನು ಬ್ಯಾಟರಿಯಿಂದಲೇ ಕೊಡಿಸುತ್ತದೆ.

ಮನೆಯಲ್ಲಿ ಮಾಡಿನೋಡಬೇಕೆನ್ನುವವರಿಗಾಗಿ ಜೋಡಣೆಯನ್ನು ಹೇಳಿಬಿಡುತ್ತೇನೆ. ಚಿಪ್ಪಿನ 8 ಮತ್ತು 4ನೆಯ ಕಾಲುಗಳು ಬ್ಯಾಟರಿಯ ಧನ ತುದಿಗೆ, 1ನೆಯದು ಋಣ ತುದಿಗೆ. 8ರಿಂದ 7ಕ್ಕೆ 1 ಕಿಲೋ ಓಮಿನ ರೆಸಿಸ್ಟರು. 7ರಿಂದ 6ಕ್ಕೆ 10 ಕಿಲೋ ಓಮಿನದು. 6 ಮತ್ತು 2ನ್ನು ಒಂದು ತಂತಿಯಿಂದ ಕೂಡಿಸಿ, ಅಲ್ಲಿಂದ ಋಣ ತುದಿಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರು. 3ರಿಂದ 470 ಓಮಿನ ರೆಸಿಸ್ಟರು, ಅದರಾಚೆ ಮೊದಲ ದೀಪ, ಅದರಾಚೆ ಋಣ ತುದಿ. ಇನ್ನು 6ರಿಂದ ಒಂದು ತಂತಿ ಟ್ರಾನ್ಸಿಸ್ಟರಿನ ನಡುಗಾಲಿಗೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖವನ್ನು ನಮ್ಮ ಕಡೆಗೆ ತಿರುಗಿಸಿ ಕಾಲುಗಳನ್ನು ಕೆಳಗೆ ಮಾಡಿ ಹಿಡಿದಾಗ ಎಡಗಾಲು ಧನ ತುದಿಗೆ. ಬಲಗಾಲಿನಿಂದ ಇನ್ನೊಂದು 470 ಓಮು, ಎರಡನೆಯ ದೀಪ, ಋಣ ತುದಿ. 5ನೆಯ ಕಾಲನ್ನು ಹಾಗೆಯೇ ಬಿಡಬಹುದು. ಬೆಸುಗೆ ಬೇಕಿಲ್ಲ, ಬ್ರೆಡ್‌ಬೋರ್ಡೆಂಬ ರಂಧ್ರದ ಹಲಗೆಯಲ್ಲಿ ಚುಚ್ಚಿದರೆ ಸಾಕು.

ಗಣಿತದ ಉಪಾಧ್ಯಾಯಿನಿಯರಿಗೂ ಇಲ್ಲಿ ಕೆಲಸವುಂಟು. ಮೊದಲ ರೆಸಿಸ್ಟರಿಗೆ ಎರಡನೆಯದರ ಇಮ್ಮಡಿಯನ್ನು ಕೂಡಿಸಿ, ಕೆಪಾಸಿಟರಿನ ಬೆಲೆಯಿಂದಲೂ 0.693ರಿಂದಲೂ ಗುಣಿಸಿದರೆ ಒಂದು ಸಲ ಹತ್ತಿ ಆರುವ ಕಾಲವು ಬರುತ್ತದೆ. ಮೇಲಿನ ಜೋಡಣೆಗೆ ಅದು ಸುಮಾರು ಒಂದೂವರೆ ಸೆಕೆಂಡು. 100ರ ಬದಲು 10 ಮೈಕ್ರೋಫ್ಯಾರಡ್ ಇಟ್ಟರೆ ದೀಪವು ಸೆಕೆಂಡಿಗೆ ಸುಮಾರು 7 ಸಲ ಮಿನುಗುತ್ತದೆ. 1 ಮೈಕ್ರೋಫ್ಯಾರಡ್ ಇಟ್ಟರೆ ಸುಮಾರು 69 ಸಲ. ಆಗ ದೀಪವು ಆರುವುದನ್ನೇ ಬಿಟ್ಟಂತೆ ಕಾಣುತ್ತದೆ! ಅದು ಆರುತ್ತಲೇ ಇರುತ್ತದೆ, ನಮ್ಮ ಕಣ್ಣಿಗೆ ಅಷ್ಟು ವೇಗವಿಲ್ಲ. ಕಣ್ಣು ಕಂಡದ್ದೆಲ್ಲ ನಿಜವಲ್ಲವೆಂಬ ಪಾಠವನ್ನು ಇದಕ್ಕಿಂತ ಅಗ್ಗವಾಗಿ ಕಲಿಸುವ ಉಪಾಯವನ್ನು ನಾನು ಕಾಣೆ. ಇಡೀ ಸಾಮಗ್ರಿಯ ವೆಚ್ಚವು ದಾವಣಗೆರೆಯಲ್ಲಿ ಒಂದು ಸಂಸಾರವು ಕುಳಿತು ಬೆಣ್ಣೆದೋಸೆ ತಿಂದೆದ್ದ ವೆಚ್ಚವನ್ನು ಮೀರದು.

ಆದರೆ ನಾನು ಇದನ್ನು ಬರೆಯುತ್ತಿರುವುದು ದೀಪವು ಹತ್ತುವುದಕ್ಕಾಗಿ ಅಲ್ಲ. ಮೊದಲ ಸಲಕ್ಕೆ ಅದು ಸಾಮಾನ್ಯವಾಗಿ ಹತ್ತುವುದಿಲ್ಲ. ನನ್ನ ಲೇಖನದ ಸಾರವೆಲ್ಲವೂ ಈ ಒಂದು ಮಾತಿನಲ್ಲಿದೆ. ದೀಪದ ಉದ್ದವಾದ ಕಾಲು ಧನದ ಕಡೆಗಿರಬೇಕು. ಹುಡುಗಿ ತಿರುಗಿಸಿ ಚುಚ್ಚಿರುತ್ತಾಳೆ. ಚಿಪ್ಪಿನ ತಲೆಯ ಕಚ್ಚು ಯಾವ ಕಡೆಗಿದೆಯೆಂದು ನೋಡದೆ ಕಾಲುಗಳನ್ನು ಎಣಿಸಿರುತ್ತಾಳೆ. ಕೆಪಾಸಿಟರಿನ ಮೈಮೇಲಿನ ಪಟ್ಟೆಯು ಋಣದ ಗುರುತೆಂಬುದನ್ನು ಮರೆತಿರುತ್ತಾಳೆ. ಹಲಗೆಯ ನಡುವಣ ತೋಡಿನ ಎರಡು ಕಡೆಯ ರಂಧ್ರಗಳು ಒಂದಕ್ಕೊಂದು ಕೂಡಿಲ್ಲವೆಂಬುದನ್ನು ಅರಿಯಳು. ಅವಸರದಲ್ಲಿ 470 ಓಮನ್ನು ಬಿಟ್ಟು ದೀಪವನ್ನು ನೇರವಾಗಿ ಬ್ಯಾಟರಿಗೆ ಹಚ್ಚಿದರಂತೂ ಅದು ಒಂದು ಕ್ಷಣ ಪ್ರಖರವಾಗಿ ಹತ್ತಿ ಎಂದೆಂದಿಗೂ ಆರಿಹೋಗುತ್ತದೆ. ಆಗ ಆಕೆ ಅಳುಮುಖ ಮಾಡಿ ಹಲಗೆಯನ್ನು ಮರೆಮಾಡುತ್ತಾಳೆ.

ಇಪ್ಪತ್ತು ವರ್ಷಕ್ಕೆ ಮೇಲ್ಪಟ್ಟು ಹುಡುಗಿಯರ ನಡುವೆ ಇದ್ದವಳಾಗಿ ಹೇಳುತ್ತೇನೆ: ನಮ್ಮ ಹುಡುಗಿಯರಿಗೆ ಬುದ್ಧಿಯ ಕೊರತೆಯಿಲ್ಲ, ತಪ್ಪು ಸಿಕ್ಕಿಬೀಳುವುದೆಂಬ ಭಯವು ಬಹಳ. ಅಂದವಾದ ಕೈಬರಹ, ಚಿತ್ತಿಲ್ಲದ ಪುಟ, ತಪ್ಪದ ಕಂಠಪಾಠ ಇವನ್ನೇ ನಾವು ಅವರಲ್ಲಿ ಹೊಗಳುತ್ತ ಬಂದೆವು. ತಪ್ಪನ್ನು ಅಳಿಸಿಹಾಕುವುದನ್ನು ಕಲಿಸಿದೆವೇ ಹೊರತು ಹುಡುಕುವುದನ್ನು ಕಲಿಸಲಿಲ್ಲ. ಈ ಸಣ್ಣ ದೀಪವಾದರೋ ಯಾರ ಮುಖವನ್ನೂ ನೋಡುವುದಿಲ್ಲ. ಅಳುವವಳಿಗೆ ಹತ್ತುವುದಿಲ್ಲ, ಬೇಡುವವಳಿಗೆ ಹತ್ತುವುದಿಲ್ಲ. ಬ್ಯಾಟರಿಯಿಂದ ಹೊರಟು ಒಂದೊಂದೇ ತಂತಿಯನ್ನು ಬೆರಳಿನಿಂದ ಹಿಡಿದು ಬರುವವಳಿಗೆ ಹತ್ತುತ್ತದೆ. ಅಂಗಡಿಯಿಂದ ತಂದ ಮಾದರಿಯಲ್ಲಿ ಈ ತಪ್ಪುಗಳನ್ನೆಲ್ಲ ಬೇರೆ ಯಾರೋ ಮಾಡಿ ತಿದ್ದಿರುತ್ತಾರೆ. ತಾವು ಹಣ ಕೊಟ್ಟು ಮಗಳಿಂದ ಕಿತ್ತುಕೊಂಡದ್ದು ಅದೇ ಪಾಠವನ್ನು.

ಈಗ ಜಗಳೂರಿನ ಹುಡುಗಿಯ ಕಥೆಯನ್ನು ಮುಗಿಸುತ್ತೇನೆ. ನಾನು ಹೇಳಿದೆನೆಂದು ಆಕೆ ಹೊಸ ಬ್ಯಾಟರಿಯನ್ನು ಹಾಕಿ ನೋಡಿದಳು. ದೀಪವು ಆಗಲೂ ಪೂರ್ತಿ ಆರಲಿಲ್ಲ. ತಂತಿಗಳನ್ನೆಲ್ಲ ಪರೀಕ್ಷಿಸಿದಳು, ತಪ್ಪಿರಲಿಲ್ಲ. ಕೊನೆಗೆ ದೀಪವೇ ಕೆಟ್ಟಿರಬಹುದೆಂದು ಕೆಂಪನ್ನು ತೆಗೆದು ಕೈಗೆ ಸಿಕ್ಕಿದ ನೀಲಿಯನ್ನು ಚುಚ್ಚಿದಳು. ನೀಲಿ ದೀಪವು ಅಂದವಾಗಿ ಬೆಳಗಿ, ಮಾಸಿ, ಸಂಪೂರ್ಣವಾಗಿ ಕತ್ತಲಾಯಿತು. ಮತ್ತೆ ಕೆಂಪನ್ನು ಹಾಕಿದರೆ ಆರದು. ಮಾರನೆಯ ದಿನ ನನ್ನ ಕೊಠಡಿಯ ಬಾಗಿಲಲ್ಲಿ ಬಂದು ನಿಂತು, "ಮಿಸ್, ತಪ್ಪು ಬ್ಯಾಟರಿಯದಲ್ಲ, ಬಣ್ಣದ್ದು. ಹೀಗೇಕೆ?" ಎಂದಳು. ನನಗೆ ತಿಳಿಯದೆಂದು ಹೇಳಿದೆ. ಇಬ್ಬರೂ ಕೂಡಿ ಶಾಲೆಯ ಮಲ್ಟಿಮೀಟರನ್ನು ತೆಗೆದುಕೊಂಡು ಅಳೆಯಲು ಕುಳಿತೆವು.

ಕಾರಣವು ಹೀಗಿತ್ತು. ಕೆರೆಯು 3 ವೋಲ್ಟಿಗಿಂತ ಕೆಳಗೆ ಇಳಿಯುವುದೇ ಇಲ್ಲವಷ್ಟೆ. ಟ್ರಾನ್ಸಿಸ್ಟರು ತನ್ನ ಕೂಲಿಯೆಂದು ಸುಮಾರು 0.6 ವೋಲ್ಟನ್ನು ಇಟ್ಟುಕೊಳ್ಳುತ್ತದೆ. ಉಳಿದ 2.4 ವೋಲ್ಟು ದೀಪದ ಕಡೆಗೆ ಬರುತ್ತದೆ. ಕೆಂಪು ಎಲ್.ಇ.ಡಿ.ಯು ಹತ್ತುವುದಕ್ಕೆ 2 ವೋಲ್ಟಿನಷ್ಟು ಸಾಕು. ಆದಕಾರಣ ಅದು ಅತಿ ಮಂದವಾದಾಗಲೂ ಕೆಂಡದ ಹಾಗೆ ಉಳಿಯುತ್ತದೆ. ನೀಲಿಗೆ ಸುಮಾರು 3 ವೋಲ್ಟು ಬೇಕು; ಅದು ದೊರೆಯದೆ ಕತ್ತಲಾಗುತ್ತದೆ. ಬ್ಯಾಟರಿಯು ಹಳೆಯದಾದಂತೆ ಅದರ ಮೂರನೆಯ ಒಂದು ಪಾಲೂ ಇಳಿಯುವುದರಿಂದ ಕೆಂಪು ದೀಪವು ಆರುವುದಕ್ಕೇ ಹತ್ತಿರವಾಗುವುದು. ಅಂದರೆ ನನ್ನ ತೀರ್ಪು ತಲೆಕೆಳಗಾಗಿತ್ತು. ಮುಖ್ಯೋಪಾಧ್ಯಾಯಿನಿಯು ತಪ್ಪಿದಳೆಂದು ಹದಿನಾಲ್ಕು ವರ್ಷದ ಹುಡುಗಿಯು ಅಳತೆ ಸಮೇತ ತೋರಿಸಿದ ದಿನವದು. ನನ್ನ ಉದ್ಯೋಗದಲ್ಲಿ ಅಷ್ಟು ಸಂತೋಷದ ದಿನಗಳು ಹೆಚ್ಚಾಗಿ ಬಂದಿಲ್ಲ.

ಆಕೆ ಕಂಡ ಆ ಒಂದು ವೋಲ್ಟಿನ ಅಂತರವು ಅಲ್ಪವಾದದ್ದಲ್ಲ. ನೀಲಿ ಬೆಳಕಿನ ಕಣಕ್ಕೆ ಕೆಂಪಿನದಕ್ಕಿಂತ ಹೆಚ್ಚು ಶಕ್ತಿ ಬೇಕಾದ್ದರಿಂದ ಅದಕ್ಕೆ ಬೇರೆಯೇ ಹರಳು ಬೇಕು. ಅಮೆರಿಕದ ನಿಕ್ ಹೊಲೊನ್ಯಾಕರು ಕಣ್ಣಿಗೆ ಕಾಣುವ ಕೆಂಪು ಎಲ್.ಇ.ಡಿ.ಯನ್ನು 1962ರಲ್ಲಿಯೇ ಮಾಡಿದರು. ಪ್ರಖರವಾದ ನೀಲಿಯು ಸಿದ್ಧವಾಗುವುದಕ್ಕೆ 1990ರ ದಶಕದ ಆರಂಭದ ತನಕ ಕಾಯಬೇಕಾಯಿತು. ಜಪಾನಿನಲ್ಲಿ ಹುಟ್ಟಿದ ಅಕಸಾಕಿ, ಅಮಾನೊ, ನಕಮುರ ಈ ಮೂವರು ಆ ಕಾರ್ಯಕ್ಕಾಗಿ 2014ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವನ್ನು ಪಡೆದರು. ಇಂದು ನಮ್ಮ ಮನೆಗಳ ಬಿಳಿಯ ಎಲ್.ಇ.ಡಿ. ಬಲ್ಬುಗಳೊಳಗೆ ಬಹುಮಟ್ಟಿಗೆ ಇರುವುದು ಹಳದಿ ಲೇಪವನ್ನು ಹೊದ್ದ ಆ ನೀಲಿ ದೀಪವೇ. 555 ಚಿಪ್ಪಿನ ಕಥೆಯೂ ಇಂಥದೇ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಹಾನ್ಸ್ ಕಾಮೆನ್‌ಜಿಂಡರು 1971ರಲ್ಲಿ ಅದರ ನಕ್ಷೆಯನ್ನು ಒಮ್ಮೆ ಪೂರೈಸಿ, ಪರಿಶೀಲನೆಯೂ ಆದಮೇಲೆ, ಒಂಬತ್ತು ಕಾಲಿನ ಬದಲು ಎಂಟರಲ್ಲಿಯೇ ಮಾಡಬಹುದೆಂದು ಕಂಡು ಮತ್ತೆ ಕೆಲಸಕ್ಕೆ ಕುಳಿತರು. 1972ರಲ್ಲಿ ಮಾರಾಟಕ್ಕೆ ಬಂದ ಆ ಎಂಟು ಕಾಲಿನ ಚಿಪ್ಪನ್ನೇ ಇಂದಿಗೂ ನಮ್ಮ ಹುಡುಗಿಯರು ಹಲಗೆಗೆ ಚುಚ್ಚುತ್ತಾರೆ. ಮುಗಿಯಿತೆಂದುಕೊಂಡ ಕೆಲಸವನ್ನು ಬಿಚ್ಚಿ ಮತ್ತೆ ಮಾಡುವವರಿಗೆ ದೊರೆಯುವ ಫಲವದು.

ಮಾತಾಪಿತೃಗಳು ನನ್ನೊಡನೆ ಆಡಿರುವ ಆಕ್ಷೇಪಣೆಗಳಿಗೆ ಇಲ್ಲಿಯೇ ಉತ್ತರಿಸುವುದು ನ್ಯಾಯ. "ಹೆಣ್ಣುಮಕ್ಕಳು ಕರೆಂಟಿನ ಗೊಡವೆಗೆ ಹೋಗಬಾರದು, ಮೇಡಮ್ಮನವರೇ" ಎಂಬುದು ಮೊದಲನೆಯದು. ಗೋಡೆಯ 230 ವೋಲ್ಟೂ ಪಂಪಿನ ಸ್ಟಾರ್ಟರೂ ಪ್ರಾಣಾಪಾಯಕರವಾದವು. ಅವನ್ನು ಯಾವ ಮಗುವೂ, ಗಂಡಾಗಲಿ ಹೆಣ್ಣಾಗಲಿ, ಮುಟ್ಟಕೂಡದು. ಈ ಜೋಡಣೆಯನ್ನು ಎಂದಿಗೂ ಗೋಡೆಯ ಪ್ಲಗ್ಗಿಗೆ ಹಚ್ಚತಕ್ಕದ್ದಲ್ಲ. ಆದರೆ 9 ವೋಲ್ಟಿನ ಬ್ಯಾಟರಿಯನ್ನು ಒಣಗಿದ ಕೈಯಿಂದ ಮುಟ್ಟಿದರೆ ಯಾವ ಹಾನಿಯೂ ಇಲ್ಲ. ಅದರ ಎರಡು ತುದಿಗಳನ್ನು ತಂತಿಯಿಂದ ನೇರವಾಗಿ ಕೂಡಿಸದಿರಲಿ, ಬಿಸಿಯಾಗುವುದು. ಎರಡರ ಭೇದವನ್ನು ಅರಿತವಳೇ ಸುರಕ್ಷಿತಳು, ಎರಡಕ್ಕೂ ಹೆದರುವವಳಲ್ಲ.

"ಇದರಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಎಷ್ಟು ಅಂಕ?" ಎಂಬುದು ಎರಡನೆಯದು. ನೇರವಾಗಿ ಒಂದೂ ಇಲ್ಲ. ಆದರೆ ವಿದ್ಯುಚ್ಛಕ್ತಿಯ ಪಾಠವನ್ನು ಕೈಯಿಂದ ಕಲಿತವಳು ಪ್ರಶ್ನೆಯನ್ನು ತಿರುಗಿಸಿ ಕೇಳಿದಾಗ ತಬ್ಬಿಬ್ಬಾಗುವುದಿಲ್ಲ. ಬಾಯಿಪಾಠ ಮಾಡಿದವಳು ಆಗುತ್ತಾಳೆ.

"ನಾಳೆ ಮದುವೆಯಾಗಿ ಹೋಗುವವಳಿಗೆ ಇದೆಲ್ಲ ಏಕೆ?" ಎಂಬುದು ಮೂರನೆಯದು. ಈ ಪ್ರಶ್ನೆಗೆ ಕನ್ನಡನಾಡಿನಲ್ಲಿ ಬಹುಕಾಲದ ಹಿಂದೆಯೇ ಉತ್ತರ ದೊರೆತಿದೆ. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿಯವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತವನ್ನು ಓದಿ, 1947ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ, ಡಾಕ್ಟರೇಟ್ ಪಡೆದು 1953ರಲ್ಲಿ ಹಿಂದಿರುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಮತ್ತು ಆಂಟೆನಾ ಶಾಸ್ತ್ರವನ್ನು ಬೋಧಿಸಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರೆಂದು ಅವರನ್ನು ಸ್ಮರಿಸುತ್ತಾರೆ. ಅವರೂ ಸಂಸಾರ ಮಾಡಿದವರೇ, ಮಗಳನ್ನು ಬೆಳೆಸಿದವರೇ. ಎಲ್ಲರೂ ಅವರಂತಾಗಬೇಕೆಂದು ನಾನು ಹೇಳುವುದಿಲ್ಲ. ಮನೆಯಲ್ಲಿಯೋ ಹೊಲದಲ್ಲಿಯೋ ಕಛೇರಿಯಲ್ಲಿಯೋ ಏನಾದರೂ ಕೆಟ್ಟಾಗ ಕೈಚೆಲ್ಲದೆ, "ಎಲ್ಲಿಯ ತನಕ ಸರಿಯಾಗಿದೆ, ಎಲ್ಲಿಂದ ಕೆಟ್ಟಿದೆ?" ಎಂದು ಕೇಳಿಕೊಳ್ಳುವ ಹೆಂಗಸು ಯಾವ ಸಂಸಾರಕ್ಕೂ ಭಾರವಾಗಳು.

ಆದಕಾರಣ ಮುಂದಿನ ಪ್ರದರ್ಶನದಿಂದ ಮೂರು ನಿಯಮಗಳನ್ನು ಜಾರಿಗೆ ತರಬೇಕೆಂದು ಉಪಾಧ್ಯಾಯಿನಿಯರೊಡನೆ ಆಲೋಚಿಸಿ ನಿಶ್ಚಯಿಸಿದ್ದೇನೆ. ಅಂಗಡಿಯಲ್ಲಿ ಸಿದ್ಧಪಡಿಸಿದ ಮಾದರಿಗೆ ಬಹುಮಾನವಿಲ್ಲ. ಪ್ರತಿಯೊಬ್ಬಳೂ ತನ್ನ ಜೋಡಣೆಯೊಡನೆ ಒಂದು ತಪ್ಪಿನ ಪುಸ್ತಕವನ್ನು ಇಡತಕ್ಕದ್ದು. ಏನು ಕೆಟ್ಟಿತು, ಎಲ್ಲಿ ಹುಡುಕಿದೆ, ಹೇಗೆ ಸಿಕ್ಕಿತು ಎಂಬುದನ್ನು ಅದರಲ್ಲಿ ಬರೆಯಬೇಕು, ಮತ್ತು ಅಂಕಗಳಲ್ಲಿ ಅರ್ಧವು ಆ ಪುಸ್ತಕಕ್ಕೆ. ತೀರ್ಪುಗಾರರು ಒಂದು ತಂತಿಯನ್ನು ಕಿತ್ತು, "ಈಗ ಸರಿಮಾಡಮ್ಮಾ" ಎಂದು ಕೇಳುವರು. ಮೇಜಿನ ಅಲಂಕಾರಕ್ಕೆ ಅಂಕವಿಲ್ಲ.

ಮಾತಾಪಿತೃಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮಗಳ ಹಲಗೆಯಲ್ಲಿ ದೀಪ ಹತ್ತದಿದ್ದಾಗ ದಯವಿಟ್ಟು ಅಂಗಡಿಗೆ ಓಡಬೇಡಿರಿ. ಅಣ್ಣನ ಕೈಗೂ ಕೊಡಬೇಡಿರಿ. ಒಂದು ಸಂಜೆಯ ಮಟ್ಟಿಗೆ ಅದು ಹತ್ತದೆಯೇ ಇರಲಿ. ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಇಂಜಿನಿಯರುಗಳೂ ನರ್ಸುಗಳೂ ಶಿಕ್ಷಕಿಯರೂ ಆಗಿದ್ದೀರಿ. ಶಾಲೆಗೆ ಏನು ಕಳುಹಿಸೋಣವೆಂದು ಕೇಳುತ್ತೀರಿ. ಒಂದು ಶನಿವಾರವನ್ನು ಕಳುಹಿಸಿರಿ. ಬಂದು ನಮ್ಮ ಹುಡುಗಿಯರ ಪಕ್ಕದಲ್ಲಿ ಕುಳಿತು, ಉತ್ತರವನ್ನು ಹೇಳದೆ, ಅವರು ತಂತಿ ಹಿಡಿದು ಹುಡುಕುವುದನ್ನು ನೋಡಿರಿ. ಹೇಳದೆ ಇರುವುದು ಎಷ್ಟು ಕಷ್ಟವೆಂಬುದು ಆಗ ತಿಳಿಯುವುದು. ನನಗೂ ಇನ್ನೂ ಪೂರ್ತಿಯಾಗಿ ಅಭ್ಯಾಸವಾಗಿಲ್ಲ.

ಜಗಳೂರಿನ ಆ ಹುಡುಗಿಗೆ ನಾವು ಬಹುಮಾನವನ್ನು ಕೊಡಲಿಲ್ಲ, ಕಾಲ ಮೀರಿತ್ತು. ಆಕೆ ಶಾಲೆಯನ್ನು ಬಿಟ್ಟು ಹೋಗುವಾಗ ತನ್ನ ಹಲಗೆಯನ್ನು ವಿಜ್ಞಾನದ ಕೊಠಡಿಗೆ ಕೊಟ್ಟಳು. ಈಗ ಅದರಲ್ಲಿ ಮಾಸುವ ದೀಪಗಳು ಎರಡಿವೆ, ಒಂದು ಕೆಂಪು, ಒಂದು ನೀಲಿ. ಕೆಂಪು ಆರುವುದಿಲ್ಲ, ನೀಲಿ ಆರುತ್ತದೆ. ಪ್ರತಿ ವರ್ಷವೂ ಎಂಟನೆಯ ತರಗತಿಗೆ ಹೊಸದಾಗಿ ಬಂದವರ ಮುಂದೆ ಅದನ್ನು ಇಟ್ಟು, ಏಕೆಂದು ಕೇಳುತ್ತೇವೆ. ಉತ್ತರವನ್ನು ನಾನು ಈ ಪುಟದಲ್ಲಿ ಬರೆದುಬಿಟ್ಟಿರುವುದರಿಂದ, ತಾವು ಅದನ್ನು ಮನೆಯ ಮಕ್ಕಳಿಗೆ ಹೇಳದೆ ಇರಬೇಕೆಂದು ಬೇಡುತ್ತೇನೆ.